ಏಳನೇ ಸಾಲಿನ ಗಾಳಿ

ನಮ್ಮ ಊರಿನಲ್ಲಿ ಸ್ವಂತಕ್ಕೆಂದು ಒಂದು ಬಾಟಲಿ ಆಮ್ಲಜನಕ ಬೇಕಾದರೆ ಜೋರು ಕಾಯಿಲೆ ಬೀಳಬೇಕು, ಇಲ್ಲವೇ ಮೇಲೆ ಹೋಗಿ ಬಿಸಿಲಲ್ಲಿ ದುಡಿಯಬೇಕು, ಅದೂ ಆಗದಿದ್ದರೆ ಮನೆಯಲ್ಲಿ ಯಾರಾದರೂ ಸಾಯಬೇಕು. ಹುಲಿಗೆಮ್ಮನಿಗಾಗಿ ನಾನು ಮೊದಲಿನ ಎರಡನ್ನೂ ಮಾಡಿ ನೋಡಿದೆ. ಮೂರನೆಯದು ಆಗಬಾರದು ಎಂದೇ ಇಷ್ಟೆಲ್ಲ ಮಾಡಿದ್ದು.

ಹುಲಿಗೆಮ್ಮ ನನ್ನ ಹೆಂಡತಿ. ನಾನು ಮೌನೇಶ, ಹೊನ್ನಗುಡ್ಡದ ಗಾಳಿಮನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಬೋರ್ಡಿನ ಮುಂದೆ ಕೂರುವವನು. ಹೊನ್ನಗುಡ್ಡ ಹಳೆಯ ಚಿನ್ನದ ಗಣಿ. ಚಿನ್ನ ಮುಗಿದು ನಮ್ಮಜ್ಜನ ಕಾಲಕ್ಕೇ ಬೀಗ ಬಿದ್ದಿತ್ತು. ಮೇಲೆ ಬಿಸಿಲು ಐವತ್ತೈದು ಡಿಗ್ರಿ ದಾಟಿ, ಕಾಗೆಗಳು ತಂತಿಯ ಮೇಲೆ ಕೂತಲ್ಲೇ ಸತ್ತು ಬೀಳಲು ಶುರುವಾದಾಗ ಆ ಬೀಗ ತೆಗೆಸಿ, ಸುರಂಗಗಳಿಗೆ ಸುಣ್ಣ ಬಳಿಸಿ, ನಮ್ಮನ್ನು ಕೆಳಗೆ ಇಳಿಸಿದರು. ಈಗ ಒಂಬತ್ತು ಸಾವಿರ ಜನ ಇದ್ದೇವೆ. ಒಂದೊಂದು ಸುರಂಗಕ್ಕೂ ಸಾಲು ಎನ್ನುತ್ತೇವೆ. ನಮ್ಮದು ಏಳನೇ ಸಾಲು. ಎದುರುಬದುರಾಗಿ ಇಪ್ಪತ್ತೆರಡು ಮನೆ. ವರ್ಷಕ್ಕೊಮ್ಮೆ ಮಳೆ ಬಿದ್ದಾಗ ನಲವತ್ತು ದಿನ ಮೇಲಿನ ಬಾಗಿಲು ತೆರೆಯುತ್ತಾರೆ. ಆಗ ಎಲ್ಲರೂ ಹೊರಗೆ ಹೋಗಿ, ಸಾಕಾಗುವಷ್ಟು ನೆನೆದು, ಶೀತ ಹತ್ತಿಸಿಕೊಂಡು ವಾಪಸು ಬರುತ್ತೇವೆ.

ಕೆಳಗೆ ಬಂದ ಮೂರನೇ ವರ್ಷ ನಾಲ್ಕನೇ ಸಾಲಿನಲ್ಲಿ ಯಾರದೋ ಒಲೆಯಿಂದ ಹಾಸಿಗೆಗೆ ಕಿಡಿ ಹಾರಿತು. ಸುರಂಗದಲ್ಲಿ ಹೊಗೆಗೆ ಹೋಗಲು ಜಾಗವಿರುವುದಿಲ್ಲ. ನೂರ ಹದಿನೆಂಟು ಜನ ಸತ್ತರು. ಅವರಲ್ಲಿ ನಮ್ಮ ನೀಲಿ ಒಬ್ಬಳು. ಐದು ವರ್ಷದವಳು, ಆ ಸಾಲಿಗೆ ಆಡಲು ಹೋಗಿದ್ದಳು. ಹುಲಿಗೆಮ್ಮ ಸೆರಗನ್ನು ಬಾಯಿಗೆ ಕಟ್ಟಿಕೊಂಡು ಎರಡು ಸಲ ಹೊಗೆಯೊಳಗೆ ನುಗ್ಗಿದಳು. ಕಣ್ಣು ಕಾಣದೆ, ಕೈಗೆ ಸಿಕ್ಕ ಮಗುವನ್ನು ಎತ್ತಿಕೊಂಡು ಹೊರಬಂದಳು. ಎರಡು ಸಲವೂ ಅದು ಬೇರೆಯವರ ಮಗುವಾಗಿತ್ತು. ಅವಳ ಶ್ವಾಸಕೋಶ ಕೆಟ್ಟದ್ದು ಅಂದು.

ಅದಾದ ಮೂರನೇ ದಿನ ಗಾಳಿ ಇಳಿಸಿದರು. ಮೇಲಿನ ಬಯಲು ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ಅದನ್ನು ಹದಿನೈದಕ್ಕೆ ಇಳಿಸಿದರೆ ಬೆಂಕಿ ಉರಿಯುವುದಿಲ್ಲ, ಮನುಷ್ಯ ಬದುಕುತ್ತಾನೆ. ಮಾಡುವ ವಿಧಾನ ಸುಲಭ. ಮೇಲೆ ಜಿಯೋಲೈಟ್ ಎಂಬ ಸಣ್ಣ ಮಣಿಗಳನ್ನು ತುಂಬಿದ ನಾಲ್ಕು ಗೋಪುರಗಳಿವೆ. ಗಾಳಿಯನ್ನು ಒತ್ತಿ ಹಾಯಿಸಿದರೆ ಸಾರಜನಕ ಮಣಿಗಳಿಗೆ ಅಂಟಿಕೊಳ್ಳುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಆ ಸಾರಜನಕವನ್ನು ಬಿಡಿಸಿಕೊಂಡು ನಾವು ಒಂದೊಂದು ಸಾಲಿನ ಗಾಳಿಗೂ ಬೆರೆಸುತ್ತೇವೆ. ಉಳಿದ ಆಮ್ಲಜನಕವನ್ನು ಬಯಲಿಗೆ ಬಿಡುತ್ತೇವೆ. ಕೆಳಗೆ ಬಾಟಲಿ ತುಂಬಿಡುವುದೆಂದರೆ ಮನೆಯಲ್ಲಿ ಸಿಡಿಮದ್ದು ಇಟ್ಟ ಹಾಗೆ. ಆದ್ದರಿಂದ ಬಾಟಲಿಗೆ ಇಷ್ಟೊಂದು ಕಾಯಿದೆ. ಆಚೆ ಕೊಡಗಟ್ಟಲೆ ಚೆಲ್ಲಿ ಈಚೆ ಚಮಚದಲ್ಲಿ ಅಳೆಯುವ ಕೆಲಸಕ್ಕೆ ನನಗೆ ಸಂಬಳ.

ಹದಿನೈದಕ್ಕೆ ಮೈ ಒಗ್ಗಿಕೊಳ್ಳುತ್ತದೆ. ಆದರೆ ಮನಸ್ಸಿನ ಮೇಲಿನ ಪದರವೊಂದು ಹೋಗುತ್ತದೆ. ನಗು ಬರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಸಿಟ್ಟು ಬರುವುದಕ್ಕೆ ಹೊತ್ತು ಹಿಡಿಯುತ್ತದೆ; ಬರುವಷ್ಟರಲ್ಲಿ ಯಾಕೆಂಬುದು ಮರೆತಿರುತ್ತದೆ. ನೀಲಿಗಾಗಿ ಎರಡು ದಿನ ಎದೆ ಬಡಿದುಕೊಂಡು ಅತ್ತವರು ನಾವು ಮೂರನೇ ದಿನ ಸುಮ್ಮನಾದೆವು. ದುಃಖ ತೀರಿತು ಎಂದುಕೊಂಡೆವು. ಊರಿಗೆ ಊರೇ ಹಾಗೆ ಅಂದುಕೊಂಡಿತು.

ಈ ವರ್ಷ ಬೇಸಿಗೆ ಅರ್ಧವಾಗುವಷ್ಟರಲ್ಲಿ ಹುಲಿಗೆಮ್ಮನಿಗೆ ಹಾಸಿಗೆಯಿಂದ ನೀರಿನ ಕೊಡದವರೆಗೆ ನಡೆಯುವುದೂ ಕಷ್ಟವಾಯಿತು. ಡಾಕ್ಟರ್ ಕೊಟ್ರೇಶ್ ಬೆರಳಿಗೆ ಹಾಕುವ ಚಿಮಟಿ ತಂದು ನೋಡಿದರು. ರಕ್ತದ ಆಮ್ಲಜನಕ ಎಂಬತ್ತೆರಡಕ್ಕಿಂತ ಕೆಳಗಿದ್ದರೆ ಬಾಟಲಿಗೆ ಚೀಟಿ ಬರೆಯಬಹುದು. ಅದು ಎಂಬತ್ತನಾಲ್ಕು ತೋರಿಸಿತು.

"ಈ ಚಿಮಟಿ ಬಿಳಿ ಬೆರಳು ನೋಡಿ ಮಾಡಿದ್ದು, ಮೌನೇಶ್. ನಮ್ಮಂಥ ಕರಿ ಬೆರಳಿಗೆ ಎರಡು ಮೂರು ಹೆಚ್ಚಿಗೀನ ತೋರಸ್ತೈತಿ" ಎಂದರು ಡಾಕ್ಟರ್.

"ಹಂಗಾರ ಎಂಬತ್ತೊಂದು ಅಂತ ಬರೀರಲ್ಲ ಸರ್."

"ಚಿಮಟಿ ತಾನ ಬರೀತೈತಿ. ನನ್ ಕೈಯಾಗ ಏನಿಲ್ಲ. ಮಳಿ ಬಂದು ಬಾಗಲಾ ತೆಗೆಯೂತನ ತಡದ್ರ ಉಳೀತಾಳ. ಇನ್ನೂ ಒಂದು ತಿಂಗಳೈತಿ. ಹಿಂಗ ಇದ್ರ ತಿಂಗಳು ತಡೆಯಾಂಗಿಲ್ಲ."

ಹೀಗೆ ಹೇಳುವಾಗ ಅವರು ಚಿಮಟಿಯ ವಯರನ್ನು ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾನೂ ಹೌದೇನೋ ಎಂಬಂತೆ ತಲೆಯಾಡಿಸಿದೆ.

ದುಡಿಮೆಯ ಬಾಟಲಿಗೆ ಹೋದೆ. ಮೇಲೆ ಸೌರ ಹಲಗೆಗಳ ಧೂಳು ಒರೆಸುವವರಿಗೆ ವಾರಕ್ಕೊಂದು ಬಾಟಲಿ ಕೊಡುತ್ತಾರೆ, ನಲವತ್ತೈದರೊಳಗಿನವರಿಗೆ ಮಾತ್ರ. ನನಗೆ ಐವತ್ತೊಂದು. ತಲೆಗೆ ಬಣ್ಣ ಬಳಿದುಕೊಂಡು ಸರದಿಯಲ್ಲಿ ನಿಂತೆ. ಮೆಟ್ಟಿಲು ಹತ್ತಿಸಿ ನೋಡಿದರು. ಅರವತ್ತನೇ ಮೆಟ್ಟಿಲಿನಲ್ಲಿ ಬೆವರಿಗೆ ಬಣ್ಣ ಕಿವಿಯ ಮೇಲೆ ಇಳಿಯಿತು. "ಇಳೀರಿ ಯಜಮಾನ್ರ" ಎಂದರು. ಆಮೇಲೆ ಎರಡನೇ ಸಾಲಿನವನೊಬ್ಬ ನನ್ನ ಕೈಗಡಿಯಾರ ತೆಗೆದುಕೊಂಡು ಗುಟ್ಟಾಗಿ ಒಂದು ಬಾಟಲಿ ಕೊಟ್ಟ. ಮೂರು ದಿನ ಹುಲಿಗೆಮ್ಮ ಅದನ್ನು ಉಸಿರಾಡಿದಳು. ಆರಾಮ ಅನ್ನಿಸುತ್ತಿದೆ ಎಂದೂ ಹೇಳಿದಳು. ನಾನು ಮಾಪಕ ಹಿಡಿದು ನೋಡಿದರೆ ಒಳಗೆ ಇದ್ದದ್ದು ಇದೇ ಸುರಂಗದ ಹದಿನೈದರ ಗಾಳಿ. ಅವಳಿಗೆ ಹೇಳಲಿಲ್ಲ.

ಇನ್ನು ಮೂರನೆಯದು ದೀಪದ ಬಾಟಲಿ. ಸತ್ತವರ ತಲೆಯ ಹತ್ತಿರ ಮೂರು ದಿನ ದೀಪ ಉರಿಯಬೇಕಲ್ಲ. ಹದಿನೈದರ ಗಾಳಿಯಲ್ಲಿ ಅದು ಉರಿಯದು. ಅದಕ್ಕೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಹಣತೆ, ಪಕ್ಕದಲ್ಲಿ ಸಣ್ಣಗೆ ಬಿಡುವ ಬಾಟಲಿ. ಪಕ್ಕದ ಮನೆಯ ತಾಯಮ್ಮ ನನ್ನನ್ನು ಕಂಡಾಗಲೆಲ್ಲ, "ತಮ್ಮಾ, ನಾ ಸತ್ರ ನನ್ ಬಾಟ್ಲಿ ಹುಲಿಗಿಗೆ ಕೊಡು. ನನಗ ಕತ್ತಲ್ದಾಗೂ ದಾರಿ ಗೊತ್ತೈತಿ" ಎನ್ನುತ್ತಿದ್ದಳು. ಅವಳ ಮಗ ಅಮರೇಶ ಅಂದು ಹುಲಿಗೆಮ್ಮ ಎತ್ತಿಕೊಂಡು ಬಂದ ಮಕ್ಕಳಲ್ಲಿ ಒಬ್ಬ.

ಕೊನೆಗೆ ನನಗೆ ಹೊಳೆದದ್ದು ಎಷ್ಟು ಸರಳವಾಗಿತ್ತೆಂದರೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಗಬೇಕಿತ್ತು. ಬಾಟಲಿ ಯಾಕೆ ಬೇಕು? ಏಳನೇ ಸಾಲಿಗೆ ಬೆರೆಸುವ ಸಾರಜನಕದ ತಿರುಪನ್ನು ಅರ್ಧ ಮುಚ್ಚಿದರೆ ಗಾಳಿ ತಾನಾಗಿ ಏರುತ್ತದೆ. ಸಾಲಿಗೆ ಸಾಲೇ ಒಂದು ಬಾಟಲಿ. ಹದಿನೆಂಟೂವರೆ ಸಾಕು ಎಂದು ಲೆಕ್ಕ ಹಾಕಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಗಾದೆ ನೆನಪಾಯಿತು, ಆದರೆ ಚುಚ್ಚಲಿಲ್ಲ. ಬೋರ್ಡಿನ ಮೇಲೆ ಏಳನೇ ಸಾಲಿನ ಮಾಪಕಕ್ಕೆ 'ದುರಸ್ತಿಯಲ್ಲಿದೆ' ಎಂದು ಚೀಟಿ ಅಂಟಿಸಿದೆ. ನಮ್ಮಲ್ಲಿ ಕೆಟ್ಟ ಮಾಪಕಗಳು ಎಷ್ಟಿವೆಯೆಂದರೆ ಯಾರೂ ಕೇಳಲಿಲ್ಲ.

ಬೆಂಕಿಯ ಯೋಚನೆ ಮಾಡದೆ ಇರಲಿಲ್ಲ. ಪ್ರತಿ ಮನೆಯ ಸೂರಿನಲ್ಲಿ ಜ್ವಾಲೆ ಕಾಣುವ ಒಂದು ಕಣ್ಣಿದೆ; ಗಾಜಿನ ಪೆಟ್ಟಿಗೆಯೊಳಗಿನದು ಮಾತ್ರ ಅದಕ್ಕೆ ಕಾಣದು. ಜ್ವಾಲೆ ಕಂಡರೆ ಬೋರ್ಡಿನಲ್ಲಿ ಆ ಮನೆಯ ಕೆಂಪು ಚುಕ್ಕಿ ಹೊತ್ತುತ್ತದೆ. ತೊಂಬತ್ತು ಸೆಕೆಂಡು ಹೊತ್ತಿಯೇ ಇದ್ದರೆ ಯಂತ್ರ ತಾನಾಗಿ ಆ ಸಾಲಿಗೆ ತುಂಬು ಸಾರಜನಕ ಬಿಡುತ್ತದೆ. ಹತ್ತು ನಿಮಿಷ ಆಮ್ಲಜನಕ ಹತ್ತಕ್ಕೆ ಇಳಿಯುತ್ತದೆ. ಗಟ್ಟಿ ಇರುವವರು ತಲೆ ತಿರುಗಿ ಮಲಗಿ ಏಳುತ್ತಾರೆ. ಹುಲಿಗೆಮ್ಮ ಏಳುವುದಿಲ್ಲ. ತಡೆ ಗುಂಡಿ ಒತ್ತಿದರೆ ಆರು ನಿಮಿಷ ಸಿಗುತ್ತದೆ, ದಿನಕ್ಕೆ ಒಂದೇ ಸಲ.

ಸಂಜೆ ಏಳಕ್ಕೆ ಎಲ್ಲ ಮನೆಗಳಲ್ಲೂ ದೇವರ ಮುಂದೆ ಒಂದು ಕಡ್ಡಿ ಗೀರುತ್ತಾರೆ. ಕಡ್ಡಿಯ ತಲೆ ಮೂರು ಸೆಕೆಂಡು ಭುಸ್ಸೆಂದು ಆರುತ್ತದೆ. ಆರಿದ ಕಡ್ಡಿಯನ್ನೇ ಹಣತೆಗೆ ಮುಟ್ಟಿಸಿ, ಕತ್ತಲ ಹಣತೆಯನ್ನೇ ಬೆಳಗಿ, ಕೈ ಮುಗಿಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಉರಿಯದ ಹಣತೆಗೆ ಎಣ್ಣೆ ಯಾರು ಹಾಕುತ್ತಾರೆ ಎಂದುಕೊಂಡೆ. ಒಣ ಬತ್ತಿ ಹದಿನೆಂಟೂವರೆಯಲ್ಲಿ ಹೊತ್ತಿದರೂ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಹುಲಿಗೆಮ್ಮ ಅಂದಿನಿಂದ ಕಡ್ಡಿ ಗೀರಿದವಳಲ್ಲ, ಹಣತೆ ಮುಟ್ಟಿದವಳಲ್ಲ. ಹಾಗಾಗಿ ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಉಳಿದ ಇಪ್ಪತ್ತೊಂದು ಮನೆಗಳಲ್ಲೂ ಹೆಂಗಸರು ದಿನಾ ಸಂಜೆ ಹಣತೆ ತೊಳೆದು, ಹೊಸ ಬತ್ತಿ ಹೊಸೆದು, ಎಣ್ಣೆ ತುಂಬುತ್ತಿದ್ದರು. ಬೆಳಗ್ಗೆ ಆ ಎಣ್ಣೆಯನ್ನೇ ತಲೆಗೆ ಹಚ್ಚಿಕೊಳ್ಳುತ್ತಿದ್ದರು.

ಮಧ್ಯಾಹ್ನ ಎರಡಕ್ಕೆ ಪಾಳಿಗೆ ಬಂದು ತಿರುಪು ಮುಚ್ಚಿದೆ. ಐದಕ್ಕೆ ಮನೆಯಿಂದ ಫೋನು ಬಂತು.

"ಏನ್ರಿ, ನಾ ಎದ್ದು ಕುಂತೀನಿ. ತಲಿ ಬಾಚ್ಕೊಂಡೆ. ಅಕ್ಕಿ ಆರಸಾಕತ್ತೀನಿ, ಇದರಾಗ ಬರೇ ಕಲ್ಲು ಅದಾವ ನೋಡ್ರಿ."

ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿ ವರ್ಷದ ಮೇಲಾಗಿತ್ತು. "ಚಲೋ ಆತು" ಎಂದು ಫೋನಿಟ್ಟೆ. ಗಾಳಿಮನೆಯ ಗಾಳಿ ಹದಿನೈದು. ಅದಕ್ಕಿಂತ ಹೆಚ್ಚು ಖುಷಿ ನನಗೆ ಅಲ್ಲಿ ಬರುವಂತಿರಲಿಲ್ಲ.

ಏಳಕ್ಕೆ ಬೋರ್ಡು ತುಂಬ ಚುಕ್ಕಿಗಳು ಮಿಣುಕಿ ಆರಿದವು. ಏಳನೇ ಸಾಲಿನವು ಆರಲಿಲ್ಲ. ನಮ್ಮ ಮನೆಯೊಂದು ಬಿಟ್ಟು ಇಪ್ಪತ್ತೊಂದೂ ಹೊತ್ತಿಕೊಂಡು ನಿಂತವು. ತಡೆ ಗುಂಡಿ ಒತ್ತಿದೆ. ತಿರುಪನ್ನು ಈಗ ಪೂರ್ತಿ ತೆರೆದರೂ ಗಾಳಿ ಹದಿನೈದಕ್ಕೆ ಇಳಿಯಲು ನಲವತ್ತು ನಿಮಿಷ ಬೇಕು. ಇದ್ದದ್ದು ಆರು. ಮೈಕಿನಲ್ಲಿ ಕೂಗಿದೆ: "ಏಳನೇ ಸಾಲಿನವರು ದೀಪ ಆರಿಸಬೇಕು. ಈಗಿಂದೀಗ."

ಒಂದು ಚುಕ್ಕಿಯೂ ಆರಲಿಲ್ಲ. ತಾಯಮ್ಮನ ಮನೆಗೆ ಫೋನು ಹಚ್ಚಿದೆ.

"ಯಕ್ಕ, ದೀಪ ಆರಸು. ಎಲ್ಲರಿಗೂ ಹೇಳು."

"ಏನಂತೀ ತಮ್ಮಾ? ಹತ್ತೊಂಬತ್ತು ವರ್ಷಕ್ಕ ದೇವ್ರು ಕಣ್ ಬಿಟ್ಟಾನ. ಎಲ್ಲಾರೂ ದೀಪದ ಮುಂದ ಕೈ ಮುಗದು ಕುಂತಾರ. ಅಳಾಕತ್ತಾರ. ಹೊತ್ತು ಮುಳುಗೂ ಹೊತ್ತಿನ್ಯಾಗ ನನ್ ಕೈಲಿಂದ ದೀಪ ಆರಸಂತೀ? ಬ್ಯಾರೆದವ್ರಿಗೆ ಹೇಳು."

ಬೇರೆಯವರಿಗೂ ಹೇಳಿದೆ. ಅವರೂ ಬೇರೆಯವರಿಗೆ ಹೇಳು ಎಂದರು. ಎರಡು ನಿಮಿಷ ಹೋಯಿತು. ಕೊನೆಗೆ ಮನೆಗೆ ಫೋನು ಮಾಡಿ ಹುಲಿಗೆಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಗಾಳಿ ಏರಿಸಿದವನು ನಾನು, ನಿನಗಾಗಿ ಏರಿಸಿದೆ, ದೀಪ ಉರಿದರೆ ಯಂತ್ರ ಸಾರಜನಕ ಬಿಡುತ್ತದೆ, ನೀನು ಉಳಿಯುವುದಿಲ್ಲ. ಆ ಕಡೆಯಿಂದ ಅವಳು ಫೋನು ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು.

ಬೋರ್ಡಿನಲ್ಲಿ ನಮ್ಮ ಪಕ್ಕದ ಮನೆಯ ಚುಕ್ಕಿ ಆರಿತು. ಆಮೇಲೆ ಅದರ ಎದುರಿನದು. ಆಮೇಲೆ ಮೂರನೆಯದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಮೂರು ಆರಿದವು. ಮತ್ತೆ ನಿಂತವು. ಮೂರು ಮನೆಗೊಮ್ಮೆ ಗೋಡೆ ಹಿಡಿದು ನಿಂತು ಉಸಿರು ಎಳೆದುಕೊಳ್ಳುವುದು ಹುಲಿಗೆಮ್ಮನ ರೂಢಿ. ಅವಳು ಬಾಗಿಲು ಬಾಗಿಲಿಗೆ ಹೋಗುತ್ತಿದ್ದಳು. "ಈ ಗಾಳಿ ನನ್ ಸಲುವಾಗಿ ಬಿಟ್ಟಾರ. ದೀಪ ಉರದ್ರ ನಾ ಉಳಿಯಾಂಗಿಲ್ಲ. ಕೈಲಿಂದ ಆರಸಬ್ಯಾಡ್ರಿ, ಬಟ್ಲಾ ಮುಚ್ರಿ, ತಾನಾ ಶಾಂತ ಆಗ್ತೈತಿ" ಎಂದಳಂತೆ. ಅರ್ಧ ಸಾಲು ಮುಗಿಯುವಷ್ಟರಲ್ಲಿ ಅಮರೇಶ ಮುಂದಿನ ಮನೆಗಳಿಗೆ ಓಡಿದನಂತೆ. ಕೊನೆಯ ಚುಕ್ಕಿ ಆರಿದಾಗ ಗಡಿಯಾರದಲ್ಲಿ ಇನ್ನೂ ಮೂವತ್ತು ಸೆಕೆಂಡು ಉಳಿದಿತ್ತು.

ತಡೆ ಗುಂಡಿ ಒತ್ತಿದರೆ ಮೇಲ್ವಿಚಾರಕಿಗೆ ಸುದ್ದಿ ಹೋಗುತ್ತದೆ. ಜುಬೇದಾ ಮೇಡಂ ಬಂದು, ಚೀಟಿ ಕಿತ್ತು ಮಾಪಕ ನೋಡಿ, ಕುರ್ಚಿ ಎಳೆದುಕೊಂಡು ಕೂತರು.

"ಎಷ್ಟಕ್ಕ ಏರಿಸಿದ್ದಿ?"

"ಹದಿನೆಂಟೂವರಿ, ಮೇಡಂ."

"ನಿನ್ನ ಕೆಲಸದಿಂದ ತಗೀಬೇಕು. ಸಿಟ್ಟ ಬರ್ಲಿ ಅಂತ ಕಾಯಾಕತ್ತೀನಿ, ಬರ್ವಲ್ದು" ಎಂದರು.

ಅಷ್ಟರಲ್ಲಿ ಏಳನೇ ಸಾಲಿನಿಂದ ಒಂಬತ್ತು ಜನ ಬಂದರು, ಮುಂದೆ ತಾಯಮ್ಮ. ಅವಳ ಕಣ್ಣು ಊದಿಕೊಂಡಿತ್ತು. ಬಂದವರೆಲ್ಲರ ಕಣ್ಣೂ ಹಾಗೇ ಇತ್ತು. ಬಾಗಿಲು ತೆರೆಯಲು ಇನ್ನು ಇಪ್ಪತ್ತಮೂರು ದಿನವಿದೆ, ಅಲ್ಲಿಯವರೆಗೆ ಯಾರೂ ಕಡ್ಡಿ ಗೀರುವುದಿಲ್ಲ, ಕಡ್ಡಿಪೆಟ್ಟಿಗೆಗಳನ್ನು ಇಲ್ಲೇ ಒಪ್ಪಿಸುತ್ತೇವೆ, ಗಾಳಿ ಹಾಗೇ ಇರಲಿ ಎಂದರು. ಒಂದು ಚೀಲದ ತುಂಬ ಕಡ್ಡಿಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟರು. ಎಲ್ಲವನ್ನೂ ಕೊಟ್ಟಿರಲಿಕ್ಕಿಲ್ಲ. ನಮ್ಮ ಜನ ಎಂದಾದರೂ ಪೂರ್ತಿ ಕೊಟ್ಟದ್ದುಂಟೇ.

ಜುಬೇದಾ ಮೇಡಂ ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟರು. "ಒಂದ ಒಂದು ಚುಕ್ಕಿ ನಿಂತ್ರೂ ಮುಗೀತು. ಅದು ಯಾರ ಮನೀದರ ಇರ್ಲಿ, ತಿರುಪು ಪೂರಾ ತಗೀತೀನಿ. ಮತ್ತ ಬಂದು ಕೇಳಬಾರ್ದು." ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

ಆಮೇಲಿನ ಒಂಬತ್ತು ದಿನ ನಾನು ಎರಡು ಗಾಳಿಯಲ್ಲಿ ಬದುಕಿದೆ. ಗಾಳಿಮನೆಯಲ್ಲಿ ಎಂದಿನಂತೆ ಇರುತ್ತಿದ್ದೆ. ಪಾಳಿ ಮುಗಿಸಿ ಏಳನೇ ಸಾಲಿನ ಬಾಗಿಲು ತಳ್ಳಿ ಒಳಗೆ ಬಂದರೆ ಹತ್ತು ನಿಮಿಷದಲ್ಲಿ ಕಿವಿ ತೆರೆದಂತಾಗುತ್ತಿತ್ತು. ಸಾಲು ಗದ್ದಲವಾಗಿತ್ತು. ತಾಯಮ್ಮ ಸೊಸೆಯೊಂದಿಗೆ ಹತ್ತು ವರ್ಷದ ಹಳೆಯ ಮಾತೊಂದನ್ನು ಎತ್ತಿ ಜಗಳವಾಡಿದಳು. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಗಂಡಸರು ಭಜನೆ ಶುರು ಮಾಡಿದರು, ಶ್ರುತಿ ಸೇರದೆ ಬೈದಾಡಿದರು. ಕೆಲವು ಮನೆಗಳಿಂದ ಅಳು ಕೇಳುತ್ತಿತ್ತು. ಯಾವಾಗಲೋ ಸತ್ತವರ ಹೆಸರು ಹಿಡಿದು ಈಗ ಅಳುತ್ತಿದ್ದರು.

ಹುಲಿಗೆಮ್ಮ ರೊಟ್ಟಿ ಬಡಿದಳು, ಬಟ್ಟೆ ಒಗೆದಳು. ಚಿಮಟಿ ತೊಂಬತ್ತೊಂದು ತೋರಿಸಿತು. ಎರಡನೇ ದಿನ ಊಟಕ್ಕೆ ಕೂತಾಗ ಅವಳು, "ನೀಲಿ ರೊಟ್ಟಿ ಅಂಚು ಮುರದು ಮುರದು ತಾಟಿನ ಕೆಳಗ ಬಚ್ಚಿಡ್ತಿದ್ಲು, ನೆನಪೈತೇನ್ರಿ?" ಎಂದಳು.

ನೆನಪಾಯಿತು. ಎದೆಯೊಳಗೆ ಯಾರೋ ಕೈ ಹಾಕಿ ಹಿಡಿದಂತಾಯಿತು. ತಟ್ಟೆ ಬಿಟ್ಟು ಎದ್ದು, ಪಾಳಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಇನ್ನೂ ಒಂದು ಗಂಟೆ ಇತ್ತು. ಗಾಳಿಮನೆಗೆ ಬಂದು ಕೂತಾಗ ಆ ಕೈ ನಿಧಾನವಾಗಿ ಸಡಿಲವಾಯಿತು. ಹಾಯೆನಿಸಿತು.

ಅಲ್ಲಿಂದ ನಾನು ಎರಡು ಪಾಳಿ ಮಾಡತೊಡಗಿದೆ. ಹುಲಿಗೆಮ್ಮನಿಗೆ ಜನ ಕಡಿಮೆ ಇದ್ದಾರೆ ಎಂದು ಸುಳ್ಳು ಹೇಳಿದೆ. ಮನೆಗೆ ಬಂದರೆ ಮುಸುಕು ಹೊದ್ದು ಮಲಗುತ್ತಿದ್ದೆ. ಅವಳು ತಲೆದೆಸೆಯಲ್ಲಿ ಕೂತು ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ನಾನು ಗೊರಕೆಯ ನಟನೆ ಮಾಡುತ್ತಿದ್ದೆ. ಅವಳು ಒಬ್ಬಳೇ ಅಳುವುದು ಕೇಳುತ್ತಿತ್ತು. ಹೆಂಡತಿಗೆ ಉಸಿರು ಕೊಡಲು ಕೆಲಸವನ್ನೇ ಪಣಕ್ಕಿಟ್ಟ ಗಂಡ ಎಂದು ಸಾಲಿನ ಹೆಂಗಸರು ನನ್ನನ್ನು ಹೊಗಳುತ್ತಿದ್ದರು. ನಾನು ಹೇಡಿ. ಈ ಮಾತನ್ನು ಹದಿನೈದರ ಗಾಳಿಯಲ್ಲಿ ಕೂತು ಬರೆಯುತ್ತಿದ್ದೇನೆ, ಆದ್ದರಿಂದ ಬರೆಯಲು ಕಷ್ಟವಾಗುತ್ತಿಲ್ಲ.

ಹತ್ತನೇ ದಿನ ಸಂಜೆ ಏಳು ಗಂಟೆಗೆ ನಾನೂ ಜುಬೇದಾ ಮೇಡಂ ಇಬ್ಬರೂ ಬೋರ್ಡಿನ ಮುಂದಿದ್ದೆವು. ದಿನವೂ ಆ ಹೊತ್ತಿಗೆ ಅವರು ಬಂದು ನಿಲ್ಲುತ್ತಿದ್ದರು. ಬೇರೆ ಸಾಲುಗಳ ಚುಕ್ಕಿಗಳು ಮಿಣುಕಿ ಆರಿದವು. ಏಳನೇ ಸಾಲು ಎಂದಿನಂತೆ ಖಾಲಿ. ಮೇಡಂ ಹೊರಡಲು ತಿರುಗಿದರು. ಆಗ ಅಲ್ಲಿ ಒಂದು ಚುಕ್ಕಿ ಹೊತ್ತಿತು. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು, ಅದು ನಿಂತೇ ಇತ್ತು.

"ಯಾರ ಮನಿ ಅದು?" ಎಂದರು ಮೇಡಂ.

"ನಮ್ಮದು" ಎಂದೆ.

ಫೋನು ಮಾಡಿದೆ. ಮೊದಲ ಗಂಟೆಗೇ ಎತ್ತಿಕೊಂಡಳು, ಕಾದು ಕೂತವಳ ಹಾಗೆ.

"ಹುಲಿಗಿ, ದೀಪ ಹಚ್ಚಿದೇನು?"

"ಹೂಂ. ತಾಯಕ್ಕನ ಹಂತೇಕ ಒಂದು ಕಡ್ಡಿ ಇತ್ತು, ಇಸ್ಕೊಂಡೆ."

"ಮುಚ್ಚು ಮೊದ್ಲ. ನಿನಗ ಗೊತ್ತೈತಿ ಏನಾಗ್ತೈತಿ ಅಂತ."

"ಗೊತ್ತೈತ್ರಿ. ಇವತ್ತ ಯಾವ ದಿನ ಅಂತ ನಿಮಗ ಗೊತ್ತೈತೇನು?"

ಗೋಡೆಯ ಮೇಲಿನ ತಾರೀಖು ನೋಡಿದೆ. ನೀಲಿ ಸತ್ತ ದಿನ. ದಿನಾ ಆ ಗೋಡೆಯ ಎದುರಿಗೇ ಕೂರುವವನು ನಾನು.

"ಒಂಬತ್ತು ದಿನದಿಂದ ನಿಮ್ಮ ಕೂಡ ಕುಂತು ಅಳಬೇಕಂತ ನೋಡಾಕತ್ತೀನಿ. ನೀವು ನಿಲ್ಲವಲ್ರಿ" ಎಂದಳು. "ಮಳಿ ಬಂದು ಬಾಗಲಾ ತೆಗದ್ರೂ ನೀವು ಹಿಂಗ ತಪ್ಪಿಸ್ಕೊಂತೀರಿ, ನನಗ ಗೊತ್ತು. ದೀಪ ಕಂಡ್ರ ಬರ್ತೀರಿ ಅಂತ ಹಚ್ಚೀನಿ. ಬರ್ರಿ."

ಜುಬೇದಾ ಮೇಡಂ ತಾವೇ ತಡೆ ಗುಂಡಿ ಒತ್ತಿದರು. "ಆರು ನಿಮಿಷ. ಹೋಗು. ಆದ್ರ ನಾ ಹೇಳಿದ ಮಾತು ಹೇಳಿದ್ದ" ಎಂದು ಏಳನೇ ಸಾಲಿನ ತಿರುಪಿನ ಮೇಲೆ ಕೈಯಿಟ್ಟರು. ನಾನು ಹೊರಡುವಾಗಲೇ ಸಾರಜನಕ ಹರಿಯುವ ಸದ್ದು ಶುರುವಾಗಿತ್ತು.

ಮೆಟ್ಟಿಲಿಳಿದು ಓಡಿದರೆ ನಾಲ್ಕು ನಿಮಿಷದ ದಾರಿ. ಹದಿನೈದರಲ್ಲಿ ಓಡಿದವನಿಗೆ ಕಣ್ಣಿಗೆ ಕತ್ತಲೆ ಬರುತ್ತದೆ. ಗೋಡೆ ಹಿಡಿದುಕೊಂಡೇ ಬಂದೆ. ಸಾಲಿನವರೆಲ್ಲ ತಮ್ಮ ತಮ್ಮ ಬಾಗಿಲಿನಲ್ಲಿ ನಿಂತಿದ್ದರು. ಯಾರೂ ಒಳಗೆ ಹೋಗಿ ಆ ದೀಪ ಮುಚ್ಚಿರಲಿಲ್ಲ.

ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ಮಣ್ಣಿನ ಹಣತೆ, ಅದರಲ್ಲಿ ಒಂದು ಗೇಣುದ್ದದ ನೆರಳು ಬೀಳಿಸುವಷ್ಟು ಬೆಳಕು. ಅವಳ ಮುಖಕ್ಕೆ ಹಳದಿ ಬಣ್ಣ ಬಂದಿತ್ತು. ಹತ್ತೊಂಬತ್ತು ವರ್ಷದಿಂದ ನಾನು ಅವಳ ಮುಖವನ್ನು ಬಲ್ಬಿನ ಬಿಳಿ ಬೆಳಕಿನಲ್ಲೇ ನೋಡಿದ್ದೆ. ಪಕ್ಕದಲ್ಲಿ ಕೂತೆ. ಉಸಿರು ತಿರುಗಿತು. ಅದರ ಹಿಂದೆಯೇ ಅಳು ಬಂತು. ಎಲ್ಲಿಂದ ಬಂತೋ, ಹೊಟ್ಟೆಯ ತಳದಿಂದ ಕಿತ್ತು ಬಂತು. ಅವಳು ನನ್ನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ಬಾಗಿಲಿನಿಂದ ತಾಯಮ್ಮ "ತಮ್ಮಾ, ಹೊತ್ತಾತು" ಎಂದಾಗ ಹುಲಿಗೆಮ್ಮನೇ ಕೈಚಾಚಿ ಹಣತೆಯ ಮೇಲೆ ಬಟ್ಟಲು ಬೋರಲು ಹಾಕಿದಳು.

"ಯಾಕ ಹಿಂಗ ಮಾಡಿದಿ? ಇನ್ನ ಹದಿಮೂರ ದಿನ ಇತ್ತು" ಎಂದೆ.

"ಉಸರಾಡಿ ಉಸರಾಡಿ ಒಬ್ಬಾಕೀನ ಅಳೂದಾತು. ಅದರ ಸಲುವಾಗಿ ಅಷ್ಟು ಉಸರು ಯಾಕ ಬೇಕಾಗಿತ್ರಿ?"

ಗಾಳಿ ಇಳಿಯಲು ನಲವತ್ತು ನಿಮಿಷ ಎಂದು ನನಗೆ ಗೊತ್ತಿತ್ತು. ಅವಳಿಗೂ ಹೇಳಿದೆ. "ಹಂಗಾರ ಲಗೂ ಲಗೂ ಹೇಳ್ರಿ, ನಿಮಗ ಏನೇನು ನೆನಪೈತಿ" ಎಂದಳು.

ಹೇಳಿದೆ. ನೀಲಿಗೆ ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕಿಕೊಳ್ಳುವುದೇ ಸರಿ ಎನಿಸುತ್ತಿತ್ತು. ಕೆಳಗೆ ಇಳಿದ ಮೊದಲ ದಿನ ಅವಳು ಆಕಾಶ ಎಲ್ಲಿಟ್ಟಿದ್ದೀರಿ ಎಂದು ಕೇಳಿದ್ದಳು. ಹುಲಿಗೆಮ್ಮ ಅವಳ ಬೆವರಿನ ವಾಸನೆ ಹೇಳಿದಳು, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದುದು ಹೇಳಿದಳು. ಹೊಗೆಯೊಳಗೆ ಎರಡನೇ ಸಲ ಕೈಗೆ ಸಿಕ್ಕ ಮಗುವಿನ ಕಾಲಿನಲ್ಲಿ ಗೆಜ್ಜೆ ಇರಲಿಲ್ಲ, ಇದು ನೀಲಿಯಲ್ಲ ಎಂದು ಅಲ್ಲೇ ಗೊತ್ತಾಗಿತ್ತು, ಆದರೂ ಅದನ್ನು ಬಿಟ್ಟು ಹುಡುಕಲಾಗಲಿಲ್ಲ ಎಂದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮರೇಶ ಗೋಡೆಯ ಕಡೆ ಮುಖ ತಿರುಗಿಸಿದ. ನಾವಿಬ್ಬರೂ ಮತ್ತೆ ಅತ್ತೆವು. ಅವಳು ನಡುನಡುವೆ ನಿಂತು ಉಸಿರು ಎಳೆದುಕೊಳ್ಳತೊಡಗಿದಳು. ಚಿಮಟಿ ಹಾಕಿದೆ, ಎಂಬತ್ತೆಂಟು.

ಸ್ವಲ್ಪ ಹೊತ್ತಿನ ಮೇಲೆ ನಾನು ನೀಲಿಯ ಗೆಜ್ಜೆ ಬೆಳ್ಳಿಯದೋ ಹಿತ್ತಾಳೆಯದೋ ಎಂದು ಕೇಳಿದೆ. ಹಿತ್ತಾಳೆಯದು ಎಂದಳು. ಹೌದೇ ಎಂದೆ. ಆ ಮಾತು ನನ್ನೊಳಗೆ ಎಲ್ಲಿಯೂ ತಾಗದೆ ಹೋದದ್ದು ನನಗೇ ತಿಳಿಯಿತು. ಅವಳಿಗೂ ತಿಳಿದಿರಬೇಕು.

"ಇನ್ನ ಸಾಕ್ರಿ" ಎಂದಳು. "ಏನೂ ಅನಸವಲ್ದು."

ಎಂಟಕ್ಕೆ, ರಾತ್ರಿಯ ಊಟ ಬಡಿಸುವ ಸಾಲಿನ ಅಡುಗೆಮನೆಯಲ್ಲಿ ಗಂಟೆ ಬಾರಿಸಿದರು. ಬಾಗಿಲಲ್ಲಿದ್ದವರು ಒಬ್ಬೊಬ್ಬರೇ ತಟ್ಟೆ ತರಲು ಹೋದರು. ನಾನು ಎದ್ದು ಹುಲಿಗೆಮ್ಮನಿಗೆ ಕೈಕೊಟ್ಟೆ. ಅವಳು ಎರಡು ಸಲ ಪ್ರಯತ್ನ ಮಾಡಿದಳು, ಆಗಲಿಲ್ಲ. ನೀವು ಉಣ್ಣಹೋಗ್ರಿ ಎಂದಳು. ನನಗೆ ಹಸಿವಾಗಿತ್ತು, ಹೋದೆ.